ಮೂರು ಗಂಟೆ ಮುಂಚೆ

ಸೇತುರಾಮನಿಗೆ ಕೆಟ್ಟ ಚಟ ಒಂದೂ ಇರಲಿಲ್ಲ. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಇಸ್ಪೀಟಿನಲ್ಲಿ ಯಾವುದು ರಾಣಿ ಯಾವುದು ಗುಲಾಮ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಬಸವೇಶ್ವರನಗರದ ಆ ಬೀದಿಯ ಹೆಂಗಸರೆಲ್ಲ ಅವನ ಹೆಂಡತಿ ಪಂಕಜಳಿಗೆ, “ನೀವು ಪುಣ್ಯವಂತರು ಕಣ್ರೀ” ಎನ್ನುತ್ತಿದ್ದರು. ಪಂಕಜ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ನಾಲ್ಕಾಣೆ ಉಳಿಸುವುದಕ್ಕೆ ನಾಲ್ಕು ಗಂಟೆ ಸುಡುವ ಗಂಡನ ಮೇಲೆ ಯಾರ ಹತ್ತಿರ ಚಾಡಿ ಹೇಳುವುದು? ಹೇಳಿದರೆ ಕೇಳಿದವರು, “ಅಯ್ಯೋ, ಎಷ್ಟು ಜವಾಬ್ದಾರಿ ನೋಡಿ!” ಎಂದು ಅವನನ್ನೇ ಹೊಗಳುತ್ತಿದ್ದರು.

ಒಂದೇ ಒಂದು ಉದಾಹರಣೆ ಸಾಕು. ಮಲ್ಲತ್ತಹಳ್ಳಿಯಲ್ಲಿ ಬೋರಮ್ಮ ಎಂಬಾಕೆ ಬೆಣ್ಣೆಯನ್ನು ಅಂಗಡಿಗಿಂತ ಎಂಟಾಣೆ ಕಡಿಮೆಗೆ ಕೊಡುತ್ತಾಳೆಂದು ಸೇತುರಾಮನಿಗೆ ಆಫೀಸಿನಲ್ಲಿ ಯಾರೋ ಹೇಳಿದರು. ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಡಬ್ಬಿ ಹಿಡಿದುಕೊಂಡು ನಡೆದೇ ಹೊರಟ. ಬೋರಮ್ಮ ಹೊಲಕ್ಕೆ ಹೋಗಿದ್ದಳು. ಅವಳು ಬರುವವರೆಗೆ ಕೆರೆ ಏರಿಯ ಮೇಲೆ ಕೂತ. ಬೆಣ್ಣೆ ತೂಗಿಸಿಕೊಂಡು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ವಾಪಸು ನಡೆದ. ಮನೆ ಮುಟ್ಟಿದಾಗ ಗಂಟೆ ಎರಡು. ಡಬ್ಬಿಯಲ್ಲಿದ್ದದ್ದು ಪಾನಕದಂತೆ ತುಳುಕುತ್ತಿತ್ತು. ಅದರಲ್ಲಿ ಒಂದು ಪಾಲನ್ನು ದಾರಿಯಲ್ಲೇ ಅವನ ಪಂಚೆ ಕುಡಿದಿತ್ತು.

“ಏನ್ರೀ ಇದು?”

“ಬೆಣ್ಣೆ.”

“ಇದು ಬೆಣ್ಣೆನಾ?”

“ಹೇಗೂ ಕಾಯಿಸಲೇಬೇಕಲ್ಲ ಕಣೇ? ಅರ್ಧ ಕೆಲಸ ಬಿಸಿಲೇ ಮಾಡಿಕೊಟ್ಟಿದೆ. ಸೀಮೆಎಣ್ಣೆ ಉಳೀತು” ಎಂದು ಸೇತುರಾಮ ಪಂಚೆ ಬದಲಾಯಿಸಲು ಹೋದ. (ಆ ಪಂಚೆಗೆ ಮೂರು ಸಲ ಸೋಪು ಹಾಕಿದವಳು ಪಂಕಜ. ಸೋಪಿನ ಮಾತನ್ನು ಯಾರೂ ಎತ್ತಲಿಲ್ಲ.)

ಪಂಕಜ ವಿಜಯನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹೊಲಿಗೆ ಟೀಚರು. ಅವಳ ದಿನವೆಲ್ಲ ನಲವತ್ತು ನಿಮಿಷದ ಪೀರಿಯಡ್ಡುಗಳಾಗಿ ತುಂಡಾಗಿರುತ್ತಿತ್ತು. ಬೆಲ್ಲು ಹೊಡೆಯಿತೆಂದರೆ ಸೂಜಿ ಅರ್ಧ ಬಟ್ಟೆಯಲ್ಲಿದ್ದರೂ ಅಲ್ಲೇ ಬಿಡಬೇಕು. ಹಾಗಾಗಿ ಗಂಡ ಹಾಳು ಮಾಡುವ ಹೊತ್ತನ್ನೂ ಅವಳು ಪೀರಿಯಡ್ಡಿನಲ್ಲೇ ಅಳೆಯುತ್ತಿದ್ದಳು. ಬೆಣ್ಣೆಗೆ ಹತ್ತು ಪೀರಿಯಡ್ಡು. ಅಂದರೆ ಒಂದು ದಿನದ ಸ್ಕೂಲು ಮುಗಿದು, ಮಾರನೆಯ ದಿನದ್ದೂ ಇಷ್ಟು ಸೇರಿತು.

“ಹೋದ ದುಡ್ಡು ಮುಂದಿನ ತಿಂಗಳು ಒಂದನೇ ತಾರೀಕು ವಾಪಸು ಬರುತ್ತೆ ಕಣ್ರೀ. ಹೋದ ಭಾನುವಾರ ಎಲ್ಲಿಂದ ತರ್ತೀರಾ?” ಎಂದು ಅವಳು ಕೇಳಿದರೆ ಸೇತುರಾಮ ಗಾಬರಿಯಿಂದ, “ಯಾಕೆ, ಮುಂದಿನ ವಾರ ಭಾನುವಾರ ಇಲ್ವಾ?” ಎಂದು ಕ್ಯಾಲೆಂಡರು ನೋಡುತ್ತಿದ್ದ. ಇಂಥವನ ಜೊತೆ ಏನು ವಾದ ಮಾಡುವುದು?

ಇದನ್ನೆಲ್ಲ ಪಂಕಜ ಹನ್ನೊಂದು ವರ್ಷದಿಂದ ಹೊಟ್ಟೆಗೆ ಹಾಕಿಕೊಂಡಿದ್ದಳು. ಹಾಕಿಕೊಳ್ಳಲಾಗದ್ದು ಒಂದೇ, ಹೋದ ವರ್ಷದ ಮಲ್ಲೇಶ್ವರದ ಮದುವೆ. ಅವಳ ಜೊತೆ ಓದಿದ ಗೆಳತಿಯ ತಂಗಿಯದು. ಆಟೋ ಬೇಡವೆಂದು ಸೇತುರಾಮ ಬಸ್ಸಿಗೆ ನಿಲ್ಲಿಸಿದ. ಬಂದ ಬಸ್ಸು ಯಶವಂತಪುರದ ಕಡೆಯದು, ಅಲ್ಲಿಂದ ಇನ್ನೊಂದು ಹಿಡಿದರೆ ಐದು ಪೈಸೆ ಕಡಿಮೆಯೆಂದು ಹತ್ತಿಸಿದ. ಛತ್ರ ಸೇರಿದಾಗ ವಾಲಗದವರು ಡೋಲಿಗೆ ಗವಸು ಹಾಕುತ್ತಿದ್ದರು. ಮದುಮಗಳ ತಾಯಿ ಬಾಗಿಲಲ್ಲೇ, “ಸಂಜೆ ಕಾಫಿಗೆ ಬಂದ್ರಾ? ಬನ್ನಿ ಬನ್ನಿ” ಎಂದಿದ್ದರು. ಆ ಮಾತು ಪಂಕಜಳ ಎದೆಯಲ್ಲಿ ಇನ್ನೂ ಮುರಿದ ಸೂಜಿಯ ಹಾಗೆ ಚುಚ್ಚುತ್ತಿತ್ತು.

ಈಗ ಬಂದದ್ದು ಅಂಬುಜಳ ಮದುವೆ. ಅಂಬುಜ ಪಂಕಜಳ ಚಿಕ್ಕಪ್ಪನ ಮಗ ವೆಂಕಟಗಿರಿಯ ಮಗಳು. ಒಂದೇ ಮನೆಯಲ್ಲಿ ಬೆಳೆದವರಾದ್ದರಿಂದ ವೆಂಕಟಗಿರಿ ಪಂಕಜಳಿಗೆ ಒಡಹುಟ್ಟಿದ ಅಣ್ಣನಿದ್ದಂತೆ. ಅಂಬುಜ ಕೂಸಾಗಿದ್ದಾಗ ತೊಟ್ಟ ಮೊದಲ ಜುಬ್ಬ ಪಂಕಜ ಹೊಲಿದದ್ದು. ಈಗ ಧಾರೆಗೆ ಉಡುವ ಸೀರೆಯ ರವಿಕೆಯೂ ಅವಳೇ ಹೊಲಿದದ್ದು. ತೋಳಿಗೆ ಜರಿಯಂಚು ಕೂಡಿಸಿ, ಬೆನ್ನಿಗೆ ಸಣ್ಣ ಸಣ್ಣ ಮಲ್ಲಿಗೆ ಮೊಗ್ಗಿನ ಕಸೂತಿ ಹಾಕಿ, ಹದಿನೈದು ದಿನ ಕಣ್ಣು ಕೆಂಪು ಮಾಡಿಕೊಂಡು ಮುಗಿಸಿ ಕಳಿಸಿದ್ದಳು. ಆ ರವಿಕೆ ತೊಟ್ಟು ಹುಡುಗಿ ತಾಳಿಗೆ ಕತ್ತು ಬಗ್ಗಿಸುವ ಗಳಿಗೆಯಲ್ಲಿ ಎದುರಿಗೆ ನಿಂತು ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮದುವೆ ಭಾನುವಾರ, ಕೆಂಗೇರಿಯ ಛತ್ರದಲ್ಲಿ. ಹತ್ತೂಕಾಲಕ್ಕೆ ಮುಹೂರ್ತ. ಹಿಂದಿನ ದಿನವೇ ಹೋಗಬೇಕಾಗಿತ್ತು. ಆದರೆ ಶನಿವಾರ ಸ್ಕೂಲಿನಲ್ಲಿ ಪರೀಕ್ಷೆ. ಹೆಡ್‌ಮಿಸ್ಸು ರಜ ಕೊಡಲಿಲ್ಲ. ಸಂಜೆ ಪಂಕಜ ಮನೆಗೆ ಬಂದಾಗ ಸೇತುರಾಮ ಒಂದು ಚೀಟಿಯಲ್ಲಿ ನಾಳಿನ ಪ್ರಯಾಣದ ಮಹಾಯೋಜನೆಯನ್ನು ಬರೆದಿಟ್ಟುಕೊಂಡಿದ್ದ.

“ಏಳು ಗಂಟೆಗೆ ಬಸ್ಸು. ಮೆಜೆಸ್ಟಿಕ್ಕಿನಲ್ಲಿ ಇಳಿದು ಸಿಟಿ ಸ್ಟೇಷನ್ನು. ಎಂಟು ಇಪ್ಪತ್ತಕ್ಕೆ ಪ್ಯಾಸೆಂಜರ್ ರೈಲು. ಒಂಬತ್ತಕ್ಕೆಲ್ಲ ಕೆಂಗೇರಿ. ಇಬ್ಬರಿಗೂ ಸೇರಿ ಎರಡು ರೂಪಾಯಿ ದಾಟಲ್ಲ.”

“ರೈಲು ತಡ ಆದ್ರೆ?”

“ಯಾಕಾಗುತ್ತೆ?”

“ಬಸ್ಸು ಬರದೇ ಇದ್ರೆ?”

“ಯಾಕೆ ಬರಲ್ಲ?”

“ಆಟೋದಲ್ಲಿ ಹೋಗೋಣ ರೀ.”

ಸೇತುರಾಮ ಕಾಫಿ ಲೋಟವನ್ನು ಕೆಳಗಿಟ್ಟ. “ಕೆಂಗೇರಿಗೆ? ಆಟೋದಲ್ಲಿ? ವಾಪಸು ಖಾಲಿ ಬರಬೇಕು ಅಂತ ಅದಕ್ಕೂ ಸೇರಿಸಿ ಹದಿನೈದು ರೂಪಾಯಿ ಕೇಳ್ತಾನೆ! ಹದಿನೈದು ರೂಪಾಯಿಗೆ ಇಬ್ಬರೂ ಮೈಸೂರಿಗೇ ಹೋಗಿ ಚಾಮುಂಡಿ ದರ್ಶನ ಮಾಡಬಹುದು ಕಣೇ.”

“ನಾಳೆ ಮದುವೆ ಇರೋದು ಚಾಮುಂಡಿಗಲ್ಲ, ಅಂಬುಜಂಗೆ.”

“ನೋಡು, ಹಟ ಮಾಡಬೇಡ.”

“ಹಟ ಯಾರದ್ದು? ಮಲ್ಲೇಶ್ವರದಲ್ಲಿ ಡೋಲಿನ ಗವಸಿಗೆ ಅಕ್ಷತೆ ಹಾಕಿ ಬಂದ್ವಲ್ಲ, ಸಾಲದಾ? ನೀವು ನಿಮ್ಮ ರೈಲಲ್ಲೇ ಬನ್ನಿ. ನಾನು ಆಟೋದಲ್ಲಿ ಹೋಗ್ತೀನಿ. ನನ್ನ ದುಡ್ಡಲ್ಲಿ.”

ಅವಳ ದುಡ್ಡು ಎಂದರೆ ಅಕ್ಕಪಕ್ಕದವರಿಗೆ ಲಂಗ ರವಿಕೆ ಹೊಲಿದು, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿಗಳ ಕೆಳಗೆ ಮಡಿಸಿಟ್ಟದ್ದು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸೇತುರಾಮ, “ಹೋಗಮ್ಮ. ಶ್ರೀಮಂತರು ಹೋಗಬಹುದು” ಎಂದು ಚೀಟಿಯಲ್ಲಿ ‘ಇಬ್ಬರು’ ಎಂದಿದ್ದ ಕಡೆ ಹೊಡೆದುಹಾಕಿ ‘ಒಬ್ಬ’ ಎಂದು ಬರೆದ.

ಭಾನುವಾರ ಬೆಳಗ್ಗೆ ಆರೂಕಾಲಕ್ಕೆ ಪಂಕಜ ರೇಷ್ಮೆ ಸೀರೆಯುಟ್ಟು, ಮುಡಿ ತುಂಬ ಹೂವಿಟ್ಟು ಗೇಟಿನ ಮುಂದೆ ಆಟೋ ನಿಲ್ಲಿಸಿದಳು. ಡ್ರೈವರು ಹದಿನೆಂಟು ಎಂದ. ಅವಳು ಆಗಲಿ ಎಂದು ಕಾಲಿಡುವಷ್ಟರಲ್ಲಿ ಬನಿಯನ್ನಿನಲ್ಲಿದ್ದ ಸೇತುರಾಮ ಒಳಗಿಂದ ಓಡಿಬಂದ.

“ಹದಿನೆಂಟಾ? ಏನಪ್ಪಾ, ಕೆಂಗೇರಿ ಅಂದ್ರೆ ಮದ್ರಾಸಿನ ಪಕ್ಕ ಇದೆ ಅಂದ್ಕೊಂಡ್ಯಾ?”

“ವಾಪಸು ಖಾಲಿ ಬರ್ಬೇಕು ಸಾರ್.”

“ಖಾಲಿ ಯಾಕೆ ಬರ್ತೀಯಾ? ಅಲ್ಲಿ ಜನ ಇಲ್ವಾ?”

“ರೀ, ನೀವು ಬರ್ತಾ ಇಲ್ಲ. ದುಡ್ಡೂ ನಿಮ್ಮದಲ್ಲ. ಒಳಗೆ ಹೋಗಿ ಅಂದ್ರೆ!”

“ನಿನ್ನ ದುಡ್ಡಾದ್ರೂ ದುಡ್ಡೇ ಕಣೇ. ಏನಪ್ಪಾ, ಹದಿಮೂರು.”

ಅರ್ಧ ಪೀರಿಯಡ್ಡು ಚೌಕಾಸಿ ನಡೆಯಿತು. ಎದುರು ಮನೆಯವರು ಕಸಬರಿಗೆ ಹಿಡಿದುಕೊಂಡೇ ನಿಂತು ನೋಡಿದರು. ಹದಿನೈದಕ್ಕೆ ಇಳಿಯಿತು. “ಜಾಗ ಇದೆ, ನೀವೂ ಕೂತ್ಕೊಳ್ಳಿ. ಇಬ್ಬರು ಬಂದ್ರೆ ಜಾಸ್ತಿ ಏನೂ ಕೇಳಲ್ಲ” ಎಂದು ಪಂಕಜ ಕೊನೆಗೆ ಕನಿಕರದಿಂದ ಕರೆದಳು. ಸೇತುರಾಮ ಎರಡು ಹೆಜ್ಜೆ ಹಿಂದೆ ಸರಿದು, “ಮನಸ್ಸು ಒಪ್ಪಲ್ಲ” ಎಂದ. ತತ್ವ ಎಂದರೆ ತತ್ವ.

ಆಟೋ ಮಾಗಡಿ ರಸ್ತೆ ದಾಟಿ, ವಿಜಯನಗರ ಹಾದು, ಮೈಸೂರು ರಸ್ತೆಗೆ ಬಿದ್ದಾಗ ಪಂಕಜಳಿಗೆ ಹೊಸ ಲೋಕಕ್ಕೆ ಬಂದಂತಾಯಿತು. ಮುಖಕ್ಕೆ ತಂಪು ಗಾಳಿ. ರಸ್ತೆಯಲ್ಲಿ ಅಲ್ಲೊಂದು ಇಲ್ಲೊಂದು ಎತ್ತಿನ ಗಾಡಿ. ಬಸ್‌ಸ್ಟಾಪುಗಳಲ್ಲಿ ಕತ್ತು ನೀಳ ಮಾಡಿಕೊಂಡು ನಿಂತ ಜನರನ್ನು ಅವಳು ಮಹಾರಾಣಿ ಪ್ರಜೆಗಳನ್ನು ನೋಡುವಂತೆ ನೋಡಿದಳು. ಸೀರೆ ಸುಕ್ಕಾಗಲಿಲ್ಲ, ಹೂವು ಬಾಡಲಿಲ್ಲ, ಕಾಲನ್ನು ಯಾರೂ ತುಳಿಯಲಿಲ್ಲ. ‘ಮನುಷ್ಯರು ಬದುಕಬೇಕಾದ್ದು ಹೀಗೆ’ ಎಂದುಕೊಂಡಳು.

ಛತ್ರದ ಮುಂದೆ ಇಳಿದಾಗ ಏಳೂಕಾಲು. ಮುಹೂರ್ತಕ್ಕೆ ಇನ್ನೂ ಮೂರು ಗಂಟೆ! ಆರಾಮವಾಗಿ ಕಾಫಿ ಕುಡಿಯಬಹುದು, ಅಂಬುಜಳಿಗೆ ಜಡೆ ಹಾಕುವುದನ್ನು ನೋಡಬಹುದು, ಮಂಟಪದ ಎದುರಿಗೆ ಮೊದಲ ಸಾಲಿನ ಕುರ್ಚಿ ಹಿಡಿಯಬಹುದು.

ಬಾಗಿಲಲ್ಲಿ ದೊಡ್ಡಮ್ಮ ಗಂಗಲಕ್ಷ್ಮಮ್ಮ ನಿಂತಿದ್ದರು. ಆ ವಂಶದ ಸಕಲ ಮದುವೆ ಮುಂಜಿಗಳ ಸೇನಾಪತಿ ಅವರೇ. ಎಪ್ಪತ್ತು ವರ್ಷ, ದನಿ ಮಾತ್ರ ನಾದಸ್ವರದ್ದು.

“ಬಂದ್ಯಾ ಪಂಕಜಾ! ಇಷ್ಟು ಬೇಗ ಹೇಗೆ ಬಂದೆ?”

“ಆಟೋದಲ್ಲಿ ದೊಡ್ಡಮ್ಮಾ” ಎಂದಳು ಪಂಕಜ, ನಾಲ್ಕು ಜನಕ್ಕೆ ಕೇಳಿಸುವಂತೆ.

“ದೇವರೇ ಕಳಿಸಿದ ಹಾಗೆ ಬಂದೆ ಕಣಮ್ಮ” ಎನ್ನುತ್ತ ಗಂಗಲಕ್ಷ್ಮಮ್ಮ ತಮ್ಮ ಸೊಂಟದಿಂದ ಒಂದು ಉದ್ದನೆಯ ಬೀಗದಕೈ ತೆಗೆದು ಅವಳ ಸೊಂಟಕ್ಕೆ ಸಿಕ್ಕಿಸಿಯೇಬಿಟ್ಟರು. “ಉಗ್ರಾಣ ನೋಡ್ಕೊಳ್ಳಕ್ಕೆ ಒಬ್ಬರೂ ಇಲ್ಲ. ಅನಂತಲಕ್ಷ್ಮಿ ನೋಡ್ಕೋತೀನಿ ಅಂದಿದ್ಲು, ಅವಳು ಬರೋದು ಒಂಬತ್ತಕ್ಕಂತೆ. ಅಲ್ಲಿವರೆಗೆ ಕೂತಿರು. ಬ್ರಹ್ಮ ಬಂದು ಕರೆದ್ರೂ ಬಾಗಿಲು ತೆರೆದಿಟ್ಟು ಏಳಬೇಡ. ಹೋದ ಮದುವೇಲಿ ಒಂದು ಟಿನ್ನು ಎಣ್ಣೆಗೆ ಕಾಲು ಬಂದು ಹೊರಟುಹೋಯ್ತು.”

ಉಗ್ರಾಣವೆಂದರೆ ಅಡುಗೆಮನೆಯ ಪಕ್ಕದ, ಮದುವೆಯ ಸಾಮಾನೆಲ್ಲ ತುಂಬಿದ ಕತ್ತಲೆ ಕೋಣೆ. ಒಂದು ಬಾಗಿಲು, ಒಂದು ಸಣ್ಣ ಕಿಟಕಿ, ಅಕ್ಕಿ ಮೂಟೆಯ ಮೇಲೆ ಒಂದು ಬೆಕ್ಕು. ಒಂಬತ್ತರವರೆಗೆ ತಾನೇ ಎಂದು ಪಂಕಜ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆಲ್ಲದ ಪೆಟ್ಟಿಗೆಯ ಮೇಲೆ ಕೂತಳು.

ಕೂತದ್ದು ಒಂದೇ ನಿಮಿಷ. ಅಡುಗೆ ಭಟ್ಟರು ಬಂದು ಏಲಕ್ಕಿ ಕೇಳಿದರು. ಹುಡುಕಿ ಕೊಟ್ಟಳು. ಹೋದವರು ತಿರುಗಿ ಬಂದು ದ್ರಾಕ್ಷಿ ಕೇಳಿದರು. ಕೊಟ್ಟಳು. ಮತ್ತೆ ಬಂದು ಇಂಗು ಕೇಳಿದರು.

“ಭಟ್ರೇ, ಎಲ್ಲಾ ಒಂದೇ ಸಲ ಕೇಳಬಾರದಾ?”

“ಹಾಗೆ ನೆನಪಾಗಲ್ಲ ತಾಯಿ. ಒಗ್ಗರಣೆ ಇಟ್ಟಾಗ ಇಂಗು ನೆನಪಾಗುತ್ತೆ” ಎಂದರು ಭಟ್ಟರು ಶಾಂತವಾಗಿ.

ಪುರೋಹಿತರ ಕಡೆಯವರು ಅಡಿಕೆ ಕೇಳಿದರು. ಗಂಡಿನ ಕಡೆಯವರು ಬಿಸಿನೀರಿಗೆ ತಾಮ್ರದ ತಂಬಿಗೆಯೇ ಬೇಕೆಂದರು. ಯಾರೋ ಬಂದು ಸೇಫ್ಟಿಪಿನ್ನು ಕೇಳಿದರು. (ಅದು ಉಗ್ರಾಣದಲ್ಲಿರಲಿಲ್ಲ. ತನ್ನ ಸೆರಗಿನದನ್ನೇ ಬಿಚ್ಚಿಕೊಟ್ಟಳು.) ಅವಳಿಗೆ ಕಾಫಿ ಬೇಕೇ ಎಂದು ಮಾತ್ರ ಯಾರೂ ಕೇಳಲಿಲ್ಲ, ಕಾಫಿಪುಡಿಯ ಡಬ್ಬ ಅವಳ ಕಾಲ ಬಳಿಯೇ ಇತ್ತು.

ಒಂಬತ್ತಕ್ಕೆ ಸರಿಯಾಗಿ ಅನಂತಲಕ್ಷ್ಮಿ ಬಂದಳು. ಅವಳು ಅಂಬುಜಳ ತಾಯಿಯ ತಂಗಿ. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು. ಪಂಕಜ ಎದ್ದು ಬೀಗದಕೈ ಬಿಚ್ಚತೊಡಗಿದಳು.

“ಅಯ್ಯೋ, ಎಷ್ಟು ನೀಟಾಗಿ ಜೋಡಿಸಿದೀರಾ ಪಂಕಜಕ್ಕಾ! ಟೀಚರ್ ಅಂದ್ರೆ ಟೀಚರೇ. ನಾನು ಬಂದು ಇದನ್ನ ಕೆಡಿಸಲಾ? ಬೇಡಪ್ಪಾ. ಒಂದು ಚೂರು ಹೂವು ಮುಡ್ಕೊಂಡು ಬಂದ್ಬಿಡ್ತೀನಿ” ಎಂದವಳು ಹೋದಳು. ಎಂಥ ಹೂವೋ, ಯಾವ ತೋಟದ್ದೋ, ವಾಪಸು ಬರಲೇ ಇಲ್ಲ.

ಆಗ ಹೊರಗೆ ಗದ್ದಲವಾಯಿತು. ಪಂಕಜ ಕಿಟಕಿಯಲ್ಲಿ ಇಣುಕಿದಳು. ಗಂಡಿನ ಕಡೆಯ ಹಿರಿಯರು ನಾಲ್ಕು ಜನ ಬೆಳಗಿನ ರೈಲಿಗೆ ಬರುವವರಿದ್ದರು. ಅವರಿಗಾಗಿ ವೆಂಕಟಗಿರಿ ಸ್ಟೇಷನ್ನಿಗೆ ಜಟಕಾ ಕಳಿಸಿದ್ದ. ಜಟಕಾ ಬಂದು ನಿಂತಿತು. ವಾಲಗದವರು ಊದಿದರು. ಮೊದಲು ಇಳಿದವರು ಬೀಗರ ಸೋದರಮಾವ. ಆಮೇಲೆ ಮೂವರು. ಐದನೆಯವನಾಗಿ, ಇಸ್ತ್ರಿ ಮುರಿಯದ ಪಂಚೆ ಉಟ್ಟು, ಕಂಕುಳಲ್ಲಿ ಪೇಪರಿಟ್ಟುಕೊಂಡು ಇಳಿದವನು ಸೇತುರಾಮ!

ರೈಲಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಎದುರಿಗೆ ಕೂತವರು ಬೀಗರೇ ಎಂದು ತಿಳಿದು ಪರಿಚಯವಾಗಿತ್ತು. ಇಡ್ಲಿ ಪೊಟ್ಟಣ ಬಿಚ್ಚಿದವರು ಅವನಿಗೂ ಕೊಟ್ಟಿದ್ದರು. ಜಟಕಾ ಹತ್ತಿ ಎಂದು ಕೈ ಹಿಡಿದು ಎಳೆದವರೂ ಅವರೇ. ಗದ್ದಲದಲ್ಲಿ ವೆಂಕಟಗಿರಿ ಮುಖವನ್ನೂ ನೋಡದೆ ಐವರಿಗೂ ಪನ್ನೀರು ಎರಚಿದ, ಗಂಧ ಹಚ್ಚಿದ, ಪಾನಕ ಕೊಡಿಸಿದ. ಸೇತುರಾಮ ಎರಡನೆಯ ಲೋಟ ಪಾನಕಕ್ಕೂ ಬೇಡವೆನ್ನಲಿಲ್ಲ.

“ರೀ! ರೀ, ಇಲ್ಲಿ!” ಪಂಕಜ ಕಿಟಕಿಯಿಂದ ಕೂಗಿದಳು. ವಾಲಗದ ಸದ್ದಿನಲ್ಲಿ ಅವಳ ದನಿ ಯಾರಿಗೆ ಕೇಳುತ್ತದೆ? ಅವನನ್ನು ಗೌರವದಿಂದ ನಡೆಸಿಕೊಂಡು ಹೋಗಿ, ಮಂಟಪದ ಎದುರಿಗೆ, ಮೊದಲ ಸಾಲಿನಲ್ಲಿ, ಬೀಗರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

ಹತ್ತು ಗಂಟೆ ಹತ್ತು ನಿಮಿಷ. ಪಂಕಜ ಸೆರಗಿನ ತುದಿಗೆ ಅಕ್ಷತೆ ಕಟ್ಟಿಕೊಂಡು, ಬೀಗ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಳು. ಗಟ್ಟಿಮೇಳ ಶುರುವಾಗುವ ಮುಂಚೆ ಬೀಗ ಜಡಿದು ಓಡುವುದು, ನೋಡುವುದು, ಬರುವುದು. ದೊಡ್ಡಮ್ಮ ಬೈದರೆ ಬೈಯಲಿ. ಬಾಗಿಲು ಎಳೆದಳು. ಭಟ್ಟರು ಎದುರಿಗೆ ನಿಂತಿದ್ದರು.

“ತುಪ್ಪ ತಾಯಿ.”

“ಈಗಲೇ ಬೇಕಾ?”

“ಹೋಳಿಗೆ ಹಂಚಿನ ಮೇಲಿದೆ. ನೀವು ಮುಹೂರ್ತ ನೋಡಿ ಬರೋ ಹೊತ್ತಿಗೆ ಅದು ಇದ್ದಿಲಾಗುತ್ತೆ. ನಂಗೇನು?”

ಪಂಕಜ ಒಳಗೆ ನುಗ್ಗಿದಳು. ತುಪ್ಪದ ಟಿನ್ನು ಮೂಲೆಯಲ್ಲಿತ್ತು. ಮುಚ್ಚಳ ಜಪ್ಪಯ್ಯ ಎಂದರೂ ಬರಲಿಲ್ಲ. ಚಮಚದ ಹಿಡಿಯಿಂದ ಮೀಟಿದಳು, ಚಮಚ ಬಾಗಿತು. ಭಟ್ಟರೂ ಸೇರಿ ಮೀಟಿದರು. ಮುಚ್ಚಳ ಹಾರಿ ಬೆಕ್ಕಿನ ಮೇಲೆ ಬಿತ್ತು. ಅದೇ ಗಳಿಗೆಗೆ ಮಂಟಪದ ಕಡೆ ಡೋಲು ಬಿರುಸಾಗಿ ಗಟ್ಟಿಮೇಳ, ಗಟ್ಟಿಮೇಳ ಎಂಬ ಕೂಗು ಛತ್ರವನ್ನೆಲ್ಲ ತುಂಬಿತು. ಪಂಕಜ ಟಿನ್ನನ್ನೇ ಭಟ್ಟರ ಕೈಗೆ ತುರುಕಿ, ಬಾಗಿಲು ಎಳೆದು, ಬೀಗ ಜಡಿದು ಓಡಿದಳು. ಓಣಿಯಲ್ಲಿ ಬಾಳೆಎಲೆಯ ದೊಡ್ಡ ಕಟ್ಟುಗಳನ್ನು ಹೊತ್ತ ಇಬ್ಬರು ಅಡ್ಡ ಬಂದರು. ಅವರು ಬಲಕ್ಕೆ ಸರಿದರೆ ಇವಳೂ ಬಲಕ್ಕೆ, ಎಡಕ್ಕೆ ಸರಿದರೆ ಇವಳೂ ಎಡಕ್ಕೆ. ಕೊನೆಗೆ ಎಲೆಗಳ ಕೆಳಗೆ ಬಗ್ಗಿ ನುಸುಳಿ ಸಭೆಗೆ ಬಿದ್ದಳು. ಮುಂದೆ ಬರೀ ಬೆನ್ನುಗಳು. ಅಂಬುಜ ಯಾವ ಕಡೆ, ಮಂಟಪ ಯಾವ ಕಡೆ ಒಂದೂ ಕಾಣಲಿಲ್ಲ. ಸೆರಗಿನ ಗಂಟು ಬಿಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಅಕ್ಷತೆಯನ್ನು ಗಾಳಿಗೆ ಎಸೆದಳು.

ಅದು ಅಕ್ಷತೆ ಹಾಕಿ ಹಿಂದಕ್ಕೆ ಬಂದು ನಿಂತಿದ್ದ ಸೇತುರಾಮನ ಬೋಳು ನೆತ್ತಿಯ ಮೇಲೆ ಬಿತ್ತು. ಅವನು ತಿರುಗಿದ.

“ಎಲ್ಲಿದ್ಯೇ ನೀನು? ಈಗಷ್ಟೇ ಮುಗೀತಲ್ಲ! ಎಷ್ಟು ಚೆನ್ನಾಗಿ ಆಯ್ತು ಗೊತ್ತಾ? ನಂಗೆ ತಾಳಿ ಹತ್ತಿರದಿಂದ ಕಾಣಿಸ್ತು. ಮೂರನೇ ಗಂಟು ಸ್ವಲ್ಪ ಸಡಿಲ ಆಯ್ತು, ನಾದಿನಿ ಬಿಗಿ ಮಾಡಿದ್ಲು.”

“ರವಿಕೆ ನೋಡಿದ್ರಾ? ಬೆನ್ನಿನ ಮೇಲೆ ಮೊಗ್ಗು ಹಾಕಿದ್ನಲ್ಲ, ಹೇಗೆ ಕಾಣ್ತಿತ್ತು?”

ಸೇತುರಾಮ ಯೋಚಿಸಿದ. “ಯಾವ ಬಣ್ಣದ್ದು?” ಎಂದ.

ಪಂಕಜ ಜನರನ್ನು ಸೀಳಿಕೊಂಡು ಮುಂದೆ ಹೋದಳು. ಅಂಬುಜಳ ಕೊರಳಿನಿಂದ ಮೊಣಕಾಲಿನವರೆಗೆ ಹಾರಗಳೇ ಇದ್ದವು. ರವಿಕೆ ಹಾಗಿರಲಿ, ಅಂಬುಜಳೇ ಮೂಗಿನಿಂದ ಮೇಲೆ ಮಾತ್ರ ಇದ್ದಳು. ಅಷ್ಟರಲ್ಲಿ, “ಪಂಕಜಾ! ಉಪ್ಪಿನಕಾಯಿ ಜಾಡಿ ಎಲ್ಲಮ್ಮಾ?” ಎಂದು ಸೇನಾಪತಿಯ ದನಿ ಮೊಳಗಿತು. ಹಾರಗಳನ್ನು ತೆಗೆಯುವ ಹೊತ್ತಿಗೆ ಅವಳು ಉಪ್ಪಿನಕಾಯಿ ಬಡಿಸುವವರಿಗೆ ಅಳೆದು ಕೊಡುತ್ತಿದ್ದಳು. ಮತ್ತೆ ಹೋಗಿ ನೋಡಿದರೆ ಅಂಬುಜ ಗಂಡಿನ ಮನೆಯವರು ಕೊಟ್ಟ ಹಸಿರು ಸೀರೆ ಉಟ್ಟು, ಅದಕ್ಕೊಪ್ಪುವ ಅಂಗಡಿ ರವಿಕೆ ತೊಟ್ಟು ನಗುತ್ತ ಕೂತಿದ್ದಳು.

ಸೇತುರಾಮ ಬೀಗರ ಜೊತೆ ಮೊದಲ ಪಂಕ್ತಿಯಲ್ಲಿ ಕೂತು ಏಳು ಹೋಳಿಗೆ ತಿಂದ. ಪ್ರತಿ ಹೋಳಿಗೆಗೂ ತುಪ್ಪ ಹಾಕಿಸಿಕೊಂಡ. ಉಗ್ರಾಣದವಳಾದ್ದರಿಂದ ಪಂಕಜ ಕೂತದ್ದು ಕಡೆಯ ಪಂಕ್ತಿಗೆ. ಆಗ ಹೋಳಿಗೆ ಮುಗಿದು, ಸಾರು ತಳ ಕಂಡಿತ್ತು. ಭಟ್ಟರು ಮಾತ್ರ ಪ್ರೀತಿಯಿಂದ, “ಇನ್ನೊಂದು ಚೂರು ಅನ್ನ ಹಾಕಲಾ ತಾಯಿ?” ಎಂದು ಕೇಳಿದರು.

ನಾಲ್ಕು ಗಂಟೆಗೆ ಗಂಡ ಹೆಂಡತಿ ಕೆಂಗೇರಿ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ರೈಲಿಗೆ ಕಾಯುತ್ತಿದ್ದರು. ಸೇತುರಾಮ ಊಟವಾದ ಮೇಲೆ ಜಮಖಾನದ ಮೇಲೆ ಎರಡು ಗಂಟೆ ನಿದ್ದೆ ಮಾಡಿ ಎದ್ದಿದ್ದ. ಪಂಕಜಳ ರೇಷ್ಮೆ ಸೀರೆಯಿಂದ ಇಂಗಿನ ವಾಸನೆ ಬರುತ್ತಿತ್ತು. ಸೇತುರಾಮ ಗಂಟಲು ಸರಿಪಡಿಸಿಕೊಂಡ.

“ನಾನೂ ಯೋಚನೆ ಮಾಡ್ದೆ ಕಣೇ. ನೀನು ಹೇಳೋದರಲ್ಲಿ ಅರ್ಥ ಇದೆ.”

ಪಂಕಜ ಕತ್ತು ಮಾತ್ರ ತಿರುಗಿಸಿದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಈ ವಾಕ್ಯವನ್ನು ಅವನ ಬಾಯಲ್ಲಿ ಅವಳು ಕೇಳಿರಲಿಲ್ಲ.

“ದುಡ್ಡಿನ ಮುಖ ನೋಡ್ತಾ ಕೂರಬಾರದು. ಹೊತ್ತು ಮುಖ್ಯ. ನೀನು ಬೇಗ ಬಂದಿದ್ದಕ್ಕೆ ನಿನ್ನ ದೊಡ್ಡಮ್ಮ ಎಷ್ಟು ಹೊಗಳಿದ್ರು ಗೊತ್ತಾ, ಎಲ್ಲರ ಎದುರಿಗೆ? ನಂಗೂ ಹೆಮ್ಮೆ ಆಯ್ತು. ಮುಂದಿನ ತಿಂಗಳು ಅವರ ಮೊಮ್ಮಗನ ಮುಂಜಿ, ಬಸವನಗುಡೀಲಿ. ಪಂಕಜಾನ ಬೆಳಗ್ಗೆ ಐದಕ್ಕೇ ಕಳಿಸು, ಉಗ್ರಾಣ ಅವಳಿಗೇ ಅಂದ್ರು. ಕಳಿಸ್ತೀನಿ ಅಂತ ಮಾತು ಕೊಟ್ಟೆ.” ಸೇತುರಾಮ ಜೇಬು ಮುಟ್ಟಿ ನೋಡಿಕೊಂಡು, ಎದೆ ಗಟ್ಟಿ ಮಾಡಿಕೊಂಡು ಹೇಳಿದ: “ಆಟೋ ದುಡ್ಡು ನಾನೇ ಕೊಡ್ತೀನಿ.”

ದೂರದಲ್ಲಿ ರೈಲು ಕೂಗಿತು. ಪಂಕಜ ಎದ್ದು ಸೀರೆ ಕೊಡವಿಕೊಂಡಳು.

“ಬಸವನಗುಡಿಗೆ ಬಸ್ಸಲ್ಲಿ ಹೋದ್ರೆ ಎಷ್ಟು ಕಡೆ ಬದಲಾಯಿಸಬೇಕು?”

“ಒಂದೇ ಕಡೆ. ಮೆಜೆಸ್ಟಿಕ್ಕಿನಲ್ಲಿ. ಯಾಕೇ?”

“ಮೂರು ಕಡೆ ಬದಲಾಯಿಸೋ ದಾರಿ ಒಂದು ಹುಡುಕಿಕೊಡ್ರೀ” ಎಂದಳು ಪಂಕಜ.